ಘತ್ತರಗಿಯ ಶಿವಗಂಗಾ ಬಾರ್ಬಡೋಸಿಗೆ ಹೋದದ್ದು

ಘತ್ತರಗಿಗೆ ಅಮಾವಾಸ್ಯೆಗೆಂದು ಬಂದವರು ಭಾಗ್ಯವಂತಿ ದೇವಿಯ ದರ್ಶನ ಮುಗಿಸುವಷ್ಟರಲ್ಲಿ ಕೊನೆಯ ಬಸ್ಸು ಹೋಗಿಬಿಟ್ಟಿದ್ದರೆ, ಕಾಯಿ-ಕರ್ಪೂರದ ಅಂಗಡಿಯವರು ಅವರನ್ನು ಶಿವಗಂಗಾಳ ಖೋಲಿಗಳ ಕಡೆಗೆ ಕಳಿಸುತ್ತಾರೆ. ಹೊಳೆಗೆ ಇಳಿಯುವ ಹಾದಿಯಲ್ಲಿ ಆರು ಖೋಲಿಗಳು, ಮುಂದೆ ಒಂದು ಪಡಸಾಲೆ, ಅಂಗಳದಲ್ಲಿ ಬೇವಿನ ಗಿಡ. ಬೋರ್ಡಿಲ್ಲ. ಬಂದವರಿಗೆ ಏನು ಬೇಕು ಎಂಬುದನ್ನು ಅವಳು ಕೇಳಿ ತಿಳಿದವಳಲ್ಲ, ಮುಖ ನೋಡಿಯೇ ತಿಳಿದವಳು. ಹರಕೆ ತೀರಿಸಲು ಬಂದವರಿಗೆ ಬಿಸಿನೀರು ಬೇಕು, ಹರಕೆ ಹೊರಲು ಬಂದವರಿಗೆ ಒಳಗಿನಿಂದ ಹಾಕಿಕೊಳ್ಳುವ ಚಿಲಕ ಬೇಕು. ಅಳುವವರು ಒಬ್ಬರೇ ಅಳಬೇಕಲ್ಲ.

ಅವಳನ್ನು ಯಡ್ರಾಮಿಗೆ ಕೊಟ್ಟಿದ್ದರು. ಮದುವೆಯಾಗಿ ಮೂರು ವರ್ಷವೂ ತುಂಬಿರಲಿಲ್ಲ, ಗಂಡ ಲಾರಿಯಡಿ ಸಿಕ್ಕು ತೀರಿಕೊಂಡ. ಮಕ್ಕಳಿರಲಿಲ್ಲ. ತವರಿಗೆ ಬಂದಳು. ಅಪ್ಪ ಮೊದಲೇ ಇರಲಿಲ್ಲ. ಮುಂದಿನ ಬೇಸಿಗೆಯಲ್ಲಿ ತಾಯಿಯೂ ಹೋದಳು. ಮೂರನೆಯ ಇಯತ್ತೆಯಲ್ಲಿದ್ದ ತಮ್ಮ ಸಿದ್ದಲಿಂಗ ಅವಳ ಕೈಗೆ ಉಳಿದ. ಅವನಿಗೆ ಉಣ್ಣಿಸಲೆಂದೇ ಅವಳು ಖೋಲಿಗಳನ್ನು ಬಾಡಿಗೆಗೆ ಕೊಡಲು ಶುರುಮಾಡಿದ್ದು.

ಸಿದ್ದು ಓದಿನಲ್ಲಿ ಅಷ್ಟಕ್ಕಷ್ಟೆ, ಒಲೆಯ ಮುಂದೆ ಮಾತ್ರ ಚುರುಕು. ಹನ್ನೆರಡು ವರ್ಷಕ್ಕೇ ಬಂದವರಿಗೆ ಸುಸಲಾ, ಮಿರ್ಚಿ ಮಾಡಿ ಕೊಡುತ್ತಿದ್ದ. ಚುರುಮುರಿಯನ್ನು ಎಷ್ಟು ಹೊತ್ತು ನೀರಲ್ಲಿ ಅದ್ದಿ ಹಿಂಡಬೇಕೆಂಬುದರಲ್ಲಿ ಅಕ್ಕನನ್ನೂ ಮೀರಿಸಿದ್ದ. ಕಲಬುರಗಿಯಲ್ಲಿ ಅಡುಗೆಯ ಕೋರ್ಸು ಮುಗಿಸಿ ಮುಂಬೈಗೆ ಹೋದ, ಅಲ್ಲಿಂದ ಹಡಗು ಹತ್ತಿದ. ಜಗತ್ತು ಸುತ್ತುವ ಪ್ರವಾಸಿಗರ ದೊಡ್ಡ ಹಡಗು. ಅದರ ತಳದಲ್ಲಿ ಕೆಲಸಗಾರರಿಗೆಂದೇ ಬೇರೆ ಅಡುಗೆಮನೆ. ಸಿದ್ದು ಅಲ್ಲಿ ಅಡುಗೆಯವನು.

ಮೊದಲ ಸಲ ಹೊರಡುವ ದಿನ ಅವನು ಕೊರಳಿನ ಶಿವದಾರ ಬಿಚ್ಚಿ, ಬೆಳ್ಳಿಯ ಕರಡಿಗೆಯಲ್ಲಿದ್ದ ಇಷ್ಟಲಿಂಗವನ್ನು ಅಕ್ಕನ ಕೈಯಲ್ಲಿಟ್ಟ.

"ಒಲಿ ಮುಂದ ಬಗ್ಗೋದು, ಏಳೋದು. ಸಮುದ್ರದಾಗ ಬಿದ್ದು ಹೋದ್ರ ಹುಡುಕಾಕ ಆಗ್ತದೇನು? ನೀನ ಇಟ್ಕೋ ಅಕ್ಕಾ. ಬಂದಾಗ ಕಟ್ಕೋತೇನಿ."

ಲಿಂಗವನ್ನು ಮೈಯಿಂದ ಬೇರೆ ಮಾಡಬಾರದೆಂದು ಅವಳು ಜಗಳ ತೆಗೆದಳು. ಬಸ್ಸು ಬಂದುಬಿಟ್ಟಿತು. ಅಂದಿನಿಂದ ದಿನಾ ಬೆಳಿಗ್ಗೆ ತನ್ನ ಲಿಂಗದ ಜೊತೆ ತಮ್ಮನದಕ್ಕೂ ನೀರೆರೆದು, ವಿಭೂತಿ ಹಚ್ಚಿ, ಪತ್ರಿ ಏರಿಸುವುದು ರೂಢಿಯಾಯಿತು.

ಚಳಿಗಾಲದ ತಿಂಗಳುಗಳಲ್ಲಿ ಅವನ ಹಡಗು ಕೆರಿಬಿಯನ್ ಸಮುದ್ರದಲ್ಲಿ ದ್ವೀಪದಿಂದ ದ್ವೀಪಕ್ಕೆ ಅಡ್ಡಾಡುತ್ತಿತ್ತು. ಬಾರ್ಬಡೋಸಿನಲ್ಲಿ ನಿಂತ ದಿನ ಅವನು ದಂಡೆಗೆ ಇಳಿದು ಫೋನ್ ಮಾಡುತ್ತಿದ್ದ. ಉಳಿದ ದ್ವೀಪಗಳ ಹೆಸರು ಅವಳಿಗೆ ನೆನಪಿಲ್ಲ, ಇದೊಂದು ಮಾತ್ರ ಉಳಿಯಿತು. ಅಲ್ಲಿಯ ನೀರು ಧೋತರಕ್ಕೆ ಹಾಕುವ ನೀಲಿಯ ಬಣ್ಣದ್ದಂತೆ. ದಾರಿಯಲ್ಲಿ ಎದುರಾದವರು ಗುರುತಿಲ್ಲದಿದ್ದರೂ ನಮಸ್ಕಾರ ಹೇಳುತ್ತಾರಂತೆ. ಎಲ್ಲಕ್ಕಿಂತ ಹೆಚ್ಚಾಗಿ, ಊರ ಹೊರಗೆ ಹೋದರೆ ಅಫಜಲಪುರದ ಕಡೆ ಇದ್ದಂತೆಯೇ ಕಬ್ಬು. ರಸ್ತೆಯ ಎರಡೂ ಬದಿಗೆ ಆಳೆತ್ತರದ ಕಬ್ಬು ನಿಂತಿರುತ್ತದಂತೆ, ಗಾಳಿ ಬಂದರೆ ಅದೇ ಸಪ್ಪಳವಂತೆ. ಒಮ್ಮೆ ಅವಳನ್ನು ಕರೆದುಕೊಂಡು ಹೋಗಿ ತೋರಿಸಿಯೇ ತೀರುತ್ತೇನೆ ಎನ್ನುತ್ತಿದ್ದ. ಕಬ್ಬು ನೋಡಲು ಅಷ್ಟು ದೂರ ಹೋಗಬೇಕೇನೋ ಎಂದು ಅವಳು ನಗುತ್ತಿದ್ದಳು. ಅಮಾವಾಸ್ಯೆಗೆ ಖೋಲಿ ಯಾರು ನೋಡುತ್ತಾರೆ ಎಂದು ಕೇಳುತ್ತಿದ್ದಳು.

ಕೊರೋನಾ ಬಂದ ವರ್ಷ ಹಡಗಿನ ಪ್ರವಾಸಿಗರೆಲ್ಲ ಇಳಿದು ಹೋದರು. ಕೆಲಸಗಾರರನ್ನು ಯಾವ ದೇಶವೂ ಇಳಿಸಿಕೊಳ್ಳಲಿಲ್ಲ. ಹಡಗು ಬಾರ್ಬಡೋಸಿನ ಎದುರು ಲಂಗರು ಹಾಕಿ ನಿಂತಿತು. ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಅಡುಗೆಯ ಪಾಳಿ ಮುಗಿದರೆ ಬಾಗಿಲು ಮುಚ್ಚಿಕೊಂಡು ಇರಬೇಕು. ದಂಡೆ ಕಾಣುತ್ತದೆ ಅಕ್ಕಾ, ಬಸ್ಸು ಓಡಾಡುವುದೂ ಕಾಣುತ್ತದೆ ಎಂದು ಸಿದ್ದು ಹೇಳುತ್ತಿದ್ದ. ಮೇ ತಿಂಗಳ ಒಂದು ಸಂಜೆ ಫೋನ್ ಮಾಡಿ, ಏನು ಅಡುಗೆ ಮಾಡಿದ್ದೀ ಎಂದು ಕೇಳಿದ. ಪುಂಡಿಪಲ್ಯ ಅಂದಳು. ನೆಟ್‌ವರ್ಕ್ ಹೋಯಿತೇನೋ ಎಂದುಕೊಂಡು ಅವಳು ಹಲೋ ಹಲೋ ಅಂದಳು.

ಅದಾದ ಮೇಲೆ ಬಂದ ಫೋನು ಮುಂಬೈಯ ಏಜೆಂಟನದು. ಹಿಂದಿಯಲ್ಲಿ, ತಡೆತಡೆದು ಹೇಳಿದ. ಎದೆನೋವು ಬಂತು, ದೋಣಿಯಲ್ಲಿ ದಂಡೆಗೆ ಒಯ್ದು ಆಸ್ಪತ್ರೆಗೆ ಸೇರಿಸಿದರು, ಉಳಿಯಲಿಲ್ಲ. ವಿಮಾನಗಳಿಲ್ಲ, ದೇಹ ಕಳಿಸಲು ಆಗುವುದಿಲ್ಲ. ಅಲ್ಲಿಯೇ ಮುಗಿಸಬೇಕು. ದಹನವೋ, ದಫನವೋ, ಮನೆಯವರು ಹೇಳಬೇಕು ಎಂದ.

"ಸುಡಬ್ಯಾಡ್ರಿ," ಅಂದಳು ಶಿವಗಂಗಾ. ಹಿಂದಿ ಬಾಯಿಗೆ ಬರಲಿಲ್ಲ. "ನಾವು ಸುಡೋದಿಲ್ರಿ. ಮಣ್ಣ ಮಾಡ್ರಿ."

ಅವನಿಗೆ ಎಷ್ಟು ತಿಳಿಯಿತೋ, ಸರಿ ಅಮ್ಮಾ ಎಂದ. ತಮ್ಮನ ಸಾವಿನಲ್ಲಿ ಅವಳಿಗೆ ಮಾಡಲು ಸಿಕ್ಕ ಕೆಲಸ ಅದೊಂದೇ. ಗುಡಿ ಮುಚ್ಚಿತ್ತು, ರಸ್ತೆಯಲ್ಲಿ ಪೊಲೀಸರಿದ್ದರು, ಅತ್ತು ಸಮಾಧಾನ ಹೇಳುವವರು ಅಂಗಳದ ಹೊರಗೇ ನಿಂತು ಹೇಳಿ ಹೋದರು. ಫೋನಿಗೆ ಒಂದು ಚಿತ್ರ ಬಂತು: ಬಿಳಿಚಿಕೊಂಡ ಮಣ್ಣಿನ ದಿಬ್ಬ, ತಲೆಯ ಕಡೆ ಒಂದು ಸಣ್ಣ ಹಲಗೆ. ಹಲಗೆಯ ಮೇಲೆ ಹೆಸರಿರಲಿಲ್ಲ, ನಂಬರಿತ್ತು.

ಲಿಂಗ ಮನೆಯಲ್ಲಿ ಉಳಿಯಿತು. ಅವಳನ್ನು ತಿಂದದ್ದು ಅದು. ಅವರಲ್ಲಿ ಸತ್ತವರನ್ನು ಕೂರಿಸಿ, ಅಂಗೈಯಲ್ಲಿ ಲಿಂಗವನ್ನಿಟ್ಟು, ವಿಭೂತಿ ಪತ್ರಿ ಸುರಿದು ಮಣ್ಣು ಕೊಡುತ್ತಾರೆ. ಹುಟ್ಟಿದಾಗ ಕಟ್ಟಿದ ಲಿಂಗ ಸತ್ತಾಗಲೂ ಜೊತೆಗೆ ಹೋಗುತ್ತದೆ. ಸಿದ್ದು ಬರಿಗೈಯಲ್ಲಿ, ಪೆಟ್ಟಿಗೆಯೊಳಗೆ, ಮಲಗಿ ಹೋಗಿದ್ದ. ದೊಡ್ಡಪ್ಪನ ಮಗ ನಾಗಣ್ಣ, ಮನೆತನಕ್ಕೆ ಹಿರಿಯ, ಲಿಂಗವನ್ನು ಭೀಮೆಗೆ ಒಪ್ಪಿಸಿಬಿಡು, ಹೊಳೆಗೆ ಹೋದದ್ದು ಸಮುದ್ರಕ್ಕೆ ಹೋಗಿಯೇ ಹೋಗುತ್ತದೆ ಎಂದ. ಅವಳು ಒಂದು ಬೆಳಿಗ್ಗೆ ಹೊಳೆಗೆ ಇಳಿದಳು. ಮೊಣಕಾಲಿನವರೆಗೆ ನೀರಲ್ಲಿ ನಿಂತಳು. ಮುಷ್ಟಿ ಬಿಚ್ಚಲಾಗಲಿಲ್ಲ. ಹಾಗೆಯೇ ಒದ್ದೆ ಸೀರೆಯಲ್ಲಿ ತಿರುಗಿ ಬಂದಳು.

ಮೂರು ವರ್ಷ ಕಳೆಯಿತು. ಖೋಲಿಗಳು ಮತ್ತೆ ತುಂಬತೊಡಗಿದವು. ಅವಳು ನಗುವುದನ್ನೂ ಮಾಡುತ್ತಿದ್ದಳು, ಬೈಯುವುದನ್ನೂ ಮಾಡುತ್ತಿದ್ದಳು. ಒಂದು ಅಮಾವಾಸ್ಯೆಯ ದಿನ, ಆಳಂದ ತಾಲೂಕಿನ ಹಿರೋಳ್ಳಿಯಿಂದ ಬಂದ ಒಬ್ಬ ತರುಣ ಅಂಗಳದಲ್ಲಿ ನಿಂತು, ಖೋಲಿ ಕೇಳದೆ, ಸಿದ್ದಲಿಂಗನ ಮನೆ ಇದೇ ಏನು ಎಂದ. ಹೆಸರು ಸಂಕೇತ. ಸಿದ್ದುವಿನ ಜೊತೆ ಅದೇ ಹಡಗಿನಲ್ಲಿ, ಅದೇ ಅಡುಗೆಮನೆಯಲ್ಲಿ ಕೆಲಸ ಮಾಡಿದವನು. ಬರಬೇಕು ಬರಬೇಕು ಎಂದು ಇಷ್ಟು ದಿನ ಬರಲಾಗದೆ ಈಗ ಬಂದಿದ್ದ. ಅವಳು ಅವನನ್ನು ಕೂರಿಸಿ ಉಣ್ಣಲಿಕ್ಕಿದಳು. ಅವನು ತಟ್ಟೆ ಮುಂದಿಟ್ಟುಕೊಂಡು ಅತ್ತ. ಅವನು ಅತ್ತು ಮುಗಿಸುವವರೆಗೆ ಕಾದು ಅವಳು ಕೇಳಿದ್ದು ಒಂದೇ ಮಾತು.

"ಅಲ್ಲಿಗಿ ಹೆಂಗ ಹೋಗ್ತಾರಪ್ಪಾ?"

ಪಾಸ್‌ಪೋರ್ಟಿನ ವಿಚಾರಣೆಗೆ ಬಂದ ಪೊಲೀಸನಿಗೆ ಬಾರ್ಬಡೋಸ್ ಎಂದರೆ ಕ್ರಿಕೆಟ್ ಮಾತ್ರ ಗೊತ್ತಿತ್ತು. ಈ ವಯಸ್ಸಿನಲ್ಲಿ ನಿಮಗೆ ಅಲ್ಲೇನು ಕೆಲಸ ಎಂದು ಕೇಳಿದ. ತಮ್ಮನ ಮಣ್ಣು ಅಲ್ಲಿದೆ ಎಂದಳು. ಅವನು ಕಾಗದಕ್ಕೆ ಸಹಿ ಹಾಕಿ ಎದ್ದ. ಆ ದೇಶಕ್ಕೆ ಹೋಗಲು ನಮ್ಮವರಿಗೆ ವೀಸಾ ಬೇಡ ಎಂಬುದು ಸಂಕೇತನಿಗೆ ಗೊತ್ತಿತ್ತು. ಕಂಪನಿ ಕಳಿಸಿದ ಪರಿಹಾರವನ್ನು ಅವಳು ಮುಟ್ಟಿರಲಿಲ್ಲ. ಅದರಲ್ಲೇ ಟಿಕೆಟ್ ಆಯಿತು.

ಟಿಕೆಟ್ ಮಾಡಿಸಿದ್ದು ಕಲಬುರಗಿಯ ಜುಬೇರನ ಹತ್ತಿರ. ವರ್ಷವೆಲ್ಲ ಉಮ್ರಾ ಯಾತ್ರಿಕರನ್ನು ಕಳಿಸುವ ಅವನಿಗೆ ಇಂಥ ಗಿರಾಕಿ ಎಂದೂ ಸಿಕ್ಕಿರಲಿಲ್ಲ. ಸಂಭ್ರಮದಿಂದ ಕಂಪ್ಯೂಟರು ತಿರುಗಿಸಿ ತೋರಿಸಿದ. ಬಿಳಿ ಮರಳಿನ ದಂಡೆ ನೋಡಬೇಕು, ಆಮೆಗಳ ಜೊತೆ ಈಜಬೇಕು, ನೆಲದೊಳಗಿನ ಗವಿಯಲ್ಲಿ ರೈಲಿನಂಥ ಗಾಡಿ ಓಡುತ್ತದೆ, ಅದರಲ್ಲಿ ಕೂರಬೇಕು. ಪಶ್ಚಿಮದ ದಂಡೆಯಲ್ಲಿ ಉಳಿದರೆ ನೀರು ಶಾಂತ, ದಕ್ಷಿಣದಲ್ಲಿ ಉಳಿದರೆ ಗದ್ದಲ, ಊಟ, ಹಾಡು. ಒಂದೊಂದು ಹೋಟೆಲಿನ ಕೆಳಗೂ ಸಮುದ್ರಕ್ಕೆ ಎಷ್ಟು ನಿಮಿಷದ ದಾರಿ ಎಂದು ಬರೆದಿತ್ತು.

ಶಿವಗಂಗಾ ಎಲ್ಲವನ್ನೂ ನೋಡಿ, "ಸ್ಮಶಾನಕ್ಕ ಎಷ್ಟ್ ದೂರ ಆಗ್ತದ, ಅದನ್ನ ನೋಡ್ರಿ ಭಾಯಿ," ಎಂದಳು.

ಜುಬೇರ ಸಂಕೇತನ ಮುಖ ನೋಡಿದ. ಸಂಕೇತ ತಲೆ ತಗ್ಗಿಸಿ ಸಂಗತಿ ಹೇಳಿದ. ಜುಬೇರ ಎದ್ದು ಬಾಗಿಲಿನ ಹತ್ತಿರ ಹೋಗಿ ಎರಡು ಚಹಾ ಹೇಳಿ ಬಂದು, ಮತ್ತೆ ಹುಡುಕಿದ. ದೊಡ್ಡ ಹೋಟೆಲುಗಳನ್ನೆಲ್ಲ ದಾಟಿಕೊಂಡು ಹೋಗಿ, ರಾಜಧಾನಿಯ ಅಂಚಿನಲ್ಲಿ ಒಬ್ಬ ಮುದುಕಿ ಬಾಡಿಗೆಗೆ ಕೊಡುವ ಕೋಣೆಗಳನ್ನು ಹುಡುಕಿ ತೆಗೆದ. ಅಲ್ಲಿಂದ ನಡೆದುಕೊಂಡು ಹೋಗಬಹುದಿತ್ತು.

ಎರಡು ಸಾವಿರದ ಇಪ್ಪತ್ತನಾಲ್ಕರ ಫೆಬ್ರವರಿಯಲ್ಲಿ ಅವಳೂ ಸಂಕೇತನೂ ಹೊರಟರು. ಸಂಕೇತನ ಹೆಂಡತಿ ವಂದನಾ ಬಂದು ಖೋಲಿ ನೋಡಿಕೊಳ್ಳಲು ನಿಂತಳು. ಮುಂಬೈಯಿಂದ ಆ್ಯಮ್‌ಸ್ಟರ್‌ಡ್ಯಾಮ್, ಅಲ್ಲಿಂದ ಬಾರ್ಬಡೋಸ್. ತಮ್ಮನ ಲಿಂಗವನ್ನು ಅವಳು ತನ್ನ ಲಿಂಗದ ಜೊತೆ ಕೊರಳಿಗೆ ಕಟ್ಟಿಕೊಂಡಿದ್ದಳು. ಚೀಲದಲ್ಲಿ ವಿಭೂತಿಯ ಗಟ್ಟಿ, ಒಣಗಿಸಿದ ಪತ್ರಿ, ಮತ್ತು ಸಂಕೇತನಿಗೂ ಹೇಳದೆ ಕಟ್ಟಿಕೊಂಡ ಒಂದು ಗಂಟು: ಹೊಲದಲ್ಲಿರುವ ತಾಯಿ-ತಂದೆಯರ ಸಮಾಧಿಯ ಕರಿಮಣ್ಣು. ತಮ್ಮನ ಮೇಲೆ ಒಂದು ಹಿಡಿ ಮನೆಯ ಮಣ್ಣು ಬೀಳಲಿ ಎಂದು.

ಬಾರ್ಬಡೋಸಿನ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡುವ ಹೆಂಗಸು ಎರಡು ಪ್ರಶ್ನೆ ಕೇಳಿದಳು: ಯಾಕೆ ಬಂದಿರಿ, ಎಲ್ಲಿ ಉಳಿಯುತ್ತೀರಿ. ಸುಮ್ಮನೆ ಪ್ರವಾಸ ಎನ್ನು ಎಂದು ಸಂಕೇತ ಮೊದಲೇ ಹೇಳಿಕೊಟ್ಟಿದ್ದ. ಅವಳ ಬಾಯಿಂದ "ಬ್ರದರ್" ಎಂದು ಬಂತು. ಹೆಂಗಸು ನಕ್ಕು, ತಮ್ಮ ಇಲ್ಲಿ ಎಲ್ಲಿರುತ್ತಾನೆ, ವಿಳಾಸ ಕೊಡಿ ಎಂದಳು. ಸಂಕೇತ ಗಾಜಿನ ಹತ್ತಿರ ಬಗ್ಗಿ ಸ್ಮಶಾನದ ಹೆಸರು ಹೇಳಿದ. ಹೆಂಗಸಿನ ನಗು ಹೋಯಿತು. ಮುದ್ರೆ ಒತ್ತಿ, ಪಾಸ್‌ಪೋರ್ಟನ್ನು ತಳ್ಳದೆ ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

ಅಲ್ಲಿಂದ ಮುಂದೆ ಚೀಲ ತೆರೆಸಿದರು. ವಿಭೂತಿಯನ್ನು ಮೂಸಿ ನೋಡಿ ಬಿಟ್ಟರು. ಪತ್ರಿಯನ್ನು ತೆಗೆದಿಟ್ಟರು. ಮಣ್ಣಿನ ಗಂಟು ಬಿಚ್ಚಿದ ಅಧಿಕಾರಿ, ಬೇರೆ ದೇಶದ ಮಣ್ಣು ಒಳಗೆ ಬಿಡುವಂತಿಲ್ಲ, ಅದರಿಂದ ಬೆಳೆಗೆ ರೋಗ ಬರುತ್ತದೆ ಎಂದ. ಒರಟಾಗಿ ಹೇಳಲಿಲ್ಲ. ಸಂಕೇತ ಎಷ್ಟು ಬೇಡಿದರೂ ಆಗುವುದಿಲ್ಲ ಎಂದ.

"ಒಂದು ಚಿಟಿಗಿ ಬಿಡಂತ ಹೇಳಪ್ಪಾ. ಉಗುರಿನ್ಯಾಗ ಹಿಡಿಯೋವಷ್ಟ."

ಅದೂ ಆಗಲಿಲ್ಲ. ಅವಳ ಕಣ್ಣೆದುರಿಗೇ ಗಂಟು ಹಳದಿ ಚೀಲಕ್ಕೆ ಬಿತ್ತು. ತಾಯಿ ಸತ್ತಾಗಲೂ, ಗಂಡ ಸತ್ತಾಗಲೂ ನೆಲಕ್ಕೆ ಕುಸಿಯದಿದ್ದ ಹೆಂಗಸು ಅಲ್ಲಿ, ಬಣ್ಣಬಣ್ಣದ ಅಂಗಿಯ ಪ್ರವಾಸಿಗರು ಸಾಲಾಗಿ ನಿಂತ ಕಡೆ, ಕುಸಿದು ಕೂತಳು.

ಕೋಣೆ ಕೊಟ್ಟ ಮುದುಕಿಯ ಹೆಸರು ಎಡ್ನಾ. ಎಂಬತ್ತರ ಹತ್ತಿರದ ವಯಸ್ಸು, ಹಸಿರು ಕಿಟಕಿಗಳ ಮರದ ಮನೆ. ಶಿವಗಂಗಾ ಒಳಗೆ ಕಾಲಿಟ್ಟವಳೇ ಚಿಲಕ ಹಾಕಿ ತೆಗೆದು ನೋಡಿದಳು, ನಲ್ಲಿ ತಿರುಗಿಸಿದಳು. ಎಲ್ಲ ಸರಿಯಿತ್ತು. ಮೇಜಿನ ಮೇಲೆ ಎಡ್ನಾ ಒಂದು ಗಾಜಿನ ಹೂಜಿಯಲ್ಲಿ ನೀರು, ಪಕ್ಕದಲ್ಲಿ ಹೊಸ ಕರವಸ್ತ್ರ ಇಟ್ಟಿದ್ದಳು. ಯಾಕೆ ಬಂದಿದ್ದಾರೆಂದು ಜುಬೇರ ಅವಳಿಗೆ ಮೊದಲೇ ಬರೆದಿದ್ದನಂತೆ.

ಮರುದಿನ ಸ್ಮಶಾನಕ್ಕೆ ಹೋದರು. ಬಿಸಿಲು ನಮ್ಮದೇ, ಗಾಳಿ ಮಾತ್ರ ಉಪ್ಪು. ಕಾವಲುಗಾರ ನಂಬರು ಹಿಡಿದು ಸಾಲುಗಳ ನಡುವೆ ಬಹಳ ಹೊತ್ತು ತಿರುಗಿಸಿದ. ಹಲಗೆ ಮುರಿದಿತ್ತು, ಅರ್ಧ ನಂಬರು ಉಳಿದಿತ್ತು. ದಿಬ್ಬ ಇಳಿದು ನೆಲದ ಸಮವಾಗಿತ್ತು, ಹುಲ್ಲು ಬೆಳೆದಿತ್ತು. ಅಕ್ಕಪಕ್ಕದ ನಂಬರುಗಳನ್ನು ಎಣಿಸಿ ಇದೇ ಎಂದು ಅವನು ತೋರಿಸಿದ. ಖಾತ್ರಿಯೇ ಎಂದು ಅವಳು ಸಂಕೇತನಿಂದ ಕೇಳಿಸಿದಳು. ಖಾತ್ರಿ ಎಂದ. ಆ ದಿನ ಯಾರಾದರೂ ಜೊತೆಗೆ ಬಂದಿದ್ದರೇ ಎಂದು ಕೇಳಿಸಿದಳು. ಆ ತಿಂಗಳುಗಳಲ್ಲಿ ಯಾರನ್ನೂ ಬಿಡುತ್ತಿರಲಿಲ್ಲ, ತನಗೆ ಈ ಒಬ್ಬರ ನೆನಪಿಲ್ಲ ಎಂದು ಅವನು ಮುಖ ಬೇರೆ ಕಡೆ ತಿರುಗಿಸಿದ.

ಲಿಂಗ ಇಡಲು ಅಗೆಯಬೇಕು ಎಂದಾಗ ಅವನು ಒಪ್ಪಲಿಲ್ಲ. ಗೋರಿ ಮುಟ್ಟುವುದು ಕಾನೂನಿಗೆ ವಿರುದ್ಧ, ಮೇಲಿನವರನ್ನು ಕೇಳಬೇಕು. ಮೇಲಿನವರು ಇರಲಿಲ್ಲ. ಮರುದಿನ ಮತ್ತೆ ಹೋದರು, ಆಫೀಸಿನ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂತರು. ಕೊನೆಗೆ ಬಂದ ದೊಡ್ಡ ಅಧಿಕಾರಿಣಿ ಲಿಂಗವನ್ನು ಅಂಗೈಯಲ್ಲಿ ಇಡಿಸಿಕೊಂಡು ನೋಡಿದಳು. ಇದು ಏನು ಎಂದು ಕೇಳಿದಳು. ಸಂಕೇತ ಮರಾಠ ಮನೆಯವನು, ಲಿಂಗ ಕಟ್ಟಿದವನಲ್ಲ; ಇಂಗ್ಲಿಷಿನಲ್ಲಿ ಹೇಗೆ ಹೇಳುವುದೋ ತಿಳಿಯದೆ ಶಿವಗಂಗಾಳತ್ತ ನೋಡಿದ.

"ಇದು ಅವನ ಜೀವದ ಜೋಡಿ ಇದ್ದದ್ದು. ನನ್ನ ಹಂತ್ಯಾಕ ಉಳದುಬಿಟ್ಟದ. ಅವನಿಗಿ ಮುಟ್ಟಿಸಿ ಹೋಗ್ತೇನಿ ಅಂತ ಹೇಳಪ್ಪಾ."

ಮೊಣಕೈ ಆಳದವರೆಗೆ ಮಾತ್ರ ಎಂದು ಅಪ್ಪಣೆಯಾಯಿತು. ಕಾವಲುಗಾರ ತಾನೇ ಕುರ್ಪಿ ತಂದು, ಎದೆ ಯಾವ ಕಡೆ ಬರುತ್ತದೆಂದು ಅಳೆದು, ಹುಲ್ಲು ಕೆತ್ತಿ ತಗ್ಗು ತೆಗೆದುಕೊಟ್ಟ. ಮಣ್ಣಿನಲ್ಲಿ ಸುಣ್ಣದಂಥ ಬಿಳಿ ಕಲ್ಲಿನ ಚೂರುಗಳಿದ್ದವು. ಶಿವಗಂಗಾ ಲಿಂಗಕ್ಕೆ ಎಡ್ನಾ ಮನೆಯ ನೀರೆರೆದು, ವಿಭೂತಿ ಹಚ್ಚಿ, ಪತ್ರಿ ಇಲ್ಲದ್ದಕ್ಕೆ ಬರಿಯ ಕೈ ಮುಗಿದು, ತಗ್ಗಿನಲ್ಲಿಟ್ಟಳು. ಆ ಊರಿನ ಮಣ್ಣನ್ನೇ ಮೂರು ಸಲ ಹಾಕಿದಳು. ಆಮೇಲೆ ನೆಲದ ಮೇಲೆ ಕೈಯೂರಿ, ಬಾಯಿ ತಗ್ಗಿಸಿ ಏನೋ ಹೇಳಿದಳು. ಸಂಕೇತ ದೂರ ಸರಿದು ನಿಂತಿದ್ದ; ಪುಂಡಿಪಲ್ಯ ಎಂಬ ಒಂದು ಮಾತು ಮಾತ್ರ ಅವನ ಕಿವಿಗೆ ಬಿತ್ತು.

ಸಂಜೆ ಅವನು ಅವಳನ್ನು ಸಮುದ್ರದ ದಂಡೆಗೆ ಕರೆದೊಯ್ದ. ಸಿದ್ದು ಹೇಳಿದ್ದ ನೀಲಿ ನಿಜವೇ ಇತ್ತು. ಅವರ ಹಡಗು ನಿಂತಿದ್ದ ಜಾಗವನ್ನು ಸಂಕೇತ ಬೆರಳು ಚಾಚಿ ತೋರಿಸಿದ. ಇಷ್ಟು ಹತ್ತಿರವೇ ಎಂದು ಅವಳಿಗೆ ಅನಿಸಿತು. ಭೀಮೆ ತುಂಬಿ ಬಂದಾಗ ಆಚೆ ದಂಡೆ ಕಾಣುವಷ್ಟೇ ದೂರ.

"ಅವನಿಗಿ ದೋಣ್ಯಾಗ ಇಳಸಿದ್ದು ನಾ ಮ್ಯಾಲಿಂದ ನೋಡೇನಿ ಅಕ್ಕಾ," ಎಂದ ಸಂಕೇತ. "ಕುಂತೇ ಇದ್ದ. ನಮ್ಮ ಕಡಿ ನೋಡಿ ಕೈ ಎತ್ತಿದ. ನಾಳಿ ಬರ್ತಾನ ಅಂದ್ಕೊಂಡು ನಾ ಅವನ ಪಾಲಿಂದು ಅನ್ನ ತಗದು ಇಟ್ಟಿದ್ದೆ."

ಕೂತುಕೊಂಡು ಹೋದ, ನೆಲ ಮುಟ್ಟಿದ, ಇಷ್ಟಾದರೂ ತಿಳಿಯಿತಲ್ಲ ಎಂದು ಅವಳು ಒಳಗೇ ಅಂದುಕೊಂಡಳು. ನಂತರ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಪಕ್ಕದಲ್ಲಿ ಆಡುತ್ತಿದ್ದವರು ಆಟ ನಿಲ್ಲಿಸುವಷ್ಟು ಗಟ್ಟಿಯಾಗಿ ಅತ್ತಳು.

ಉಳಿದ ದಿನಗಳಲ್ಲಿ ಎಡ್ನಾ ಅವಳನ್ನು ಒಬ್ಬಳನ್ನೇ ಬಿಡಲಿಲ್ಲ. ಭಾಷೆಯಿಲ್ಲದೆಯೇ ಇಬ್ಬರೂ ಅಡುಗೆಮನೆಯಲ್ಲಿ ಕಾಯಿಪಲ್ಯ ಹೆಚ್ಚುತ್ತ ಕೂರುತ್ತಿದ್ದರು. ಒಂದು ದಿನ ಬಸ್ಸಿನಲ್ಲಿ ಊರ ಹೊರಗೆ ಕರೆದೊಯ್ದಳು. ಕಬ್ಬು ಕಡಿಯುತ್ತಿದ್ದರು. ಗಾಳಿಗೆ ಸೋಗೆ ಅಲುಗುವುದನ್ನು ಶಿವಗಂಗಾ ರಸ್ತೆಯ ಬದಿಗೆ ನಿಂತು ಕೇಳಿದಳು, ಸಾಕಾಗುವವರೆಗೂ ಕೇಳಿದಳು. ತಿರುಗಿ ಬರುವಾಗ ಎಡ್ನಾ ತನ್ನ ಸಂಗತಿ ಹೇಳಿದಳು, ಸಂಕೇತ ಕನ್ನಡಕ್ಕೆ ತಂದ. ಅವಳ ತಂದೆ ಇಂಗ್ಲೆಂಡಿಗೆ ಬಸ್ಸಿನ ಕೆಲಸಕ್ಕೆ ಹೋಗಿ ಅಲ್ಲಿಯೇ ತೀರಿಕೊಂಡ. ಆಗ ಎಡ್ನಾ ಲಂಗ ಹಾಕುವ ಹುಡುಗಿ. ಆ ಗೋರಿಯನ್ನು ಅವಳ ತಾಯಿಯೂ ನೋಡಲಿಲ್ಲ, ಅವಳೂ ನೋಡಲಿಲ್ಲ. ಯಾವ ಊರು ಎಂಬುದು ಕೂಡ ಈಗ ಹೇಳುವವರಿಲ್ಲ. ಭಾನುವಾರ ಚರ್ಚಿಗೆ ಹೋಗುವ ದಾರಿಯಲ್ಲೇ ಆ ಸ್ಮಶಾನವಿದೆ, ನಿಮ್ಮ ತಮ್ಮನನ್ನು ನೋಡಿ ಹೋಗುತ್ತೇನೆ ಎಂದಳು. ಹೊರಡುವ ಮೊದಲು ಶಿವಗಂಗಾ ಅವಳ ಕಾಲು ಮುಟ್ಟಿದಳು. ಮುದುಕಿಗೆ ಅದು ಏನೆಂದು ತಿಳಿಯದೆ ಬಗ್ಗಿ ಎಬ್ಬಿಸಿ ತಬ್ಬಿಕೊಂಡಳು.

ಕೆಲವು ತಿಂಗಳು ಫೋನಿಗೆ ಎಡ್ನಾಳಿಂದ ಚಿತ್ರ ಬರುತ್ತಿತ್ತು: ಹುಲ್ಲು ತೆಗೆದ ನೆಲ, ಒಮ್ಮೊಮ್ಮೆ ಕೆಂಪು ಹೂವು. ಮಳೆಗಾಲ ಮುಗಿಯುವಷ್ಟರಲ್ಲಿ ನಿಂತುಹೋಯಿತು. ಸಂಕೇತ ಆಗ ಬೇರೆ ಹಡಗಿನಲ್ಲಿದ್ದ. ವಿಚಾರಿಸಿ, ಎಡ್ನಾಳಿಗೆ ಪಾರ್ಶ್ವವಾಯು ಹೊಡೆದಿದೆ, ಮಗಳು ಬಂದು ತನ್ನ ಊರಿಗೆ ಕರೆದುಕೊಂಡು ಹೋಗಿದ್ದಾಳೆ, ಮನೆಗೆ ಬೀಗ ಬಿದ್ದಿದೆ ಎಂದು ತಿಳಿಸಿದ.

ಆ ಸುದ್ದಿ ಬಂದ ವಾರ ನಾಗಣ್ಣ ಪಡಸಾಲೆಗೆ ಬಂದು ಕೂತ. ಅಷ್ಟು ದೂರ ಹೋಗಿ ಬಂದದ್ದಕ್ಕೆ ಮನಸ್ಸಿಗೆ ಸಮಾಧಾನವಾದರೂ ಆಯಿತೇನವ್ವಾ ಎಂದು ಕೇಳಿದ. ಶಿವಗಂಗಾ ಹಾಸಿಗೆಯ ಹೊದಿಕೆಗಳನ್ನು ಮಡಿಚುತ್ತಿದ್ದಳು. ಮಾರನೆಯ ದಿನ ಅಮಾವಾಸ್ಯೆ.

"ಸಮಾಧಾನ ಇಲ್ಲಣ್ಣಾ," ಎಂದಳು. "ಮೊದಲು ಅವ ಎಲ್ಲಿದ್ದಾನ ಅಂತ ಕಣ್ಣ ಮುಚ್ಚಿದ್ರ ಬರೇ ನೀರು ಕಾಣ್ತಿತ್ತು. ಈಗ ನೆಲ ಕಾಣ್ತದ. ಅಷ್ಟ."

ಹೊರಗೆ ಜೇವರ್ಗಿ ಕಡೆಯ ಟೆಂಪೋ ಒಂದು ಬಂದು ನಿಂತಿತು. ಅವಳು ಹೊದಿಕೆಗಳನ್ನು ತೋಳಿಗೆ ಹಾಕಿಕೊಂಡು, ಎಷ್ಟು ಮಂದಿ ಇದ್ದೀರಿ ಎಂದು ಕೇಳುತ್ತ ಅಂಗಳಕ್ಕೆ ಇಳಿದಳು.